ದಂಡ ಹಾಕಿದರೆ ಬೆಂಗಳೂರು ವೋಟು ಹಾಕುತ್ತಾ?

ಆಸ್ಟ್ರೇಲಿಯಾದ ಹಾಗೆ ವೋಟು ಹಾಕದವರಿಗೆ ದಂಡ ಹಾಕಿದರೆ ಬೆಂಗಳೂರಿನವರು ಬೂತಿಗೆ ಬರುತ್ತಾರಾ ಅಂತ ಕೇಳಿದ್ದೀರಿ. ಸ್ವಲ್ಪ ಜನ ಬರಬಹುದು. ಆದರೆ ಅಲ್ಲಿ ಕೆಲಸ ಮಾಡುತ್ತಿರುವುದು ಬರೀ ದಂಡ ಅಲ್ಲ. 1924ರಲ್ಲಿ ಮತದಾನ ಕಡ್ಡಾಯ ಮಾಡುವ ಕಾನೂನು ಬಂತು. 1922ರಲ್ಲಿ ಶೇ. 60 ಕೂಡ ಮುಟ್ಟದ ಮತದಾನ 1925ರಲ್ಲಿ ಶೇ. 91 ದಾಟಿತು, ನಿಜ. ಈಗಿನ ದಂಡ ಮಾತ್ರ 20 ಡಾಲರ್, ತಕ್ಕ ಕಾರಣ ಕೊಟ್ಟರೆ ಅದೂ ಇಲ್ಲ. ಜೊತೆಗೆ ಚುನಾವಣೆ ಶನಿವಾರ, ಅಂಚೆಯಲ್ಲೂ ಮತ ಹಾಕಬಹುದು, ನಿಮ್ಮ ರಾಜ್ಯದ ಯಾವ ಬೂತಾದರೂ ನಡೆಯುತ್ತೆ.

ನಮ್ಮಲ್ಲಿ? ಮಾರತಹಳ್ಳಿಯಲ್ಲಿ ಬಾಡಿಗೆಗಿರುವ ಹುಡುಗನ ಹೆಸರು ಹಾವೇರಿಯ ಪಟ್ಟಿಯಲ್ಲಿರುತ್ತೆ. ರಾತ್ರಿ ಬಸ್ಸಿನ ಟಿಕೆಟ್ಟೇ ದಂಡಕ್ಕಿಂತ ಜಾಸ್ತಿ ಆದೀತು. ಹೆಸರು ಇಲ್ಲಿಗೆ ಬದಲಿಸೋಣ ಅಂತ ಫಾರ್ಮ್ 8 ತುಂಬಿದರೆ, ಹನ್ನೊಂದು ತಿಂಗಳ ಕರಾರು ಮುಗಿದು ಮತ್ತೆ ಮನೆ ಖಾಲಿ ಮಾಡುವ ಹೊತ್ತು! 2024ರ ಲೋಕಸಭೆಗೆ ಬೆಂಗಳೂರು ದಕ್ಷಿಣದಲ್ಲಿ ಸುಮಾರು ಶೇ. 53, ಮಂಡ್ಯದಲ್ಲಿ ಶೇ. 81ರ ಮೇಲೆ. ಶುಕ್ರವಾರ ರಜೆ ಸಿಕ್ಕಿತು ಅಂತ ಮಡಿಕೇರಿಗೆ ಹೊರಟವರೂ ಇದ್ದರು, ಇಲ್ಲ ಅನ್ನಲ್ಲ. ಆದರೆ 2023ರಲ್ಲಿ ವಿಧಾನಸಭೆ ಮತದಾನ ಬುಧವಾರ ಇತ್ತಲ್ವಾ, ಆಗಲೂ ನಗರದ ಕಥೆ ಹೆಚ್ಚೇನೂ ಬದಲಾಗಲಿಲ್ಲ.

ಅಂದಹಾಗೆ, ಕರ್ನಾಟಕದ ಗ್ರಾಮ ಪಂಚಾಯಿತಿಗೆ 2015ರಲ್ಲೇ ಮತದಾನ ಕಡ್ಡಾಯ ಮಾಡಿದರು, ಶಿಕ್ಷೆ ಮಾತ್ರ ಇಡಲಿಲ್ಲ. ಗುಜರಾತ್ ದಂಡ ಹಾಕಲು ಹೊರಟಿತ್ತು, ಅದೇ ವರ್ಷ ಹೈಕೋರ್ಟ್ ತಡೆ ಕೊಟ್ಟಿತು.

ನನ್ನನ್ನು ಕೇಳಿದರೆ, ಮನೆ ಬದಲಿಸಿದವರ ಹೆಸರು ತಾನಾಗಿಯೇ ಹೊಸ ಪಟ್ಟಿಗೆ ಹೋಗುವ ಹಾಗೆ ಮೊದಲು ಮಾಡಲಿ. ಅದಿಲ್ಲದೆ ಸುಮ್ನೆ ದಂಡ ಹಾಕಿದರೆ ಕಟ್ಟುವವರು ಬಾಡಿಗೆಯವರೇ.