47ನೇ ವಯಸ್ಸಲ್ಲಿ ಮತ್ತೆ ಸೈಕಲ್ ಶುರು ಮಾಡ್ಬೇಕು ಅಂತಿದ್ದೇನೆ, ಎಂಟಿಬಿಯಾ (ಮೌಂಟನ್ ಬೈಕ್) ಹೈಬ್ರಿಡ್ಡಾ ಗೇರ್ ಇಲ್ಲದ್ದಾ?

ನೀವು ಬರೆದದ್ದು ಇಷ್ಟು: ಮನೆ ಕಾಸರಗೋಡಿನ ಪೆರ್ಲದ ಹತ್ತಿರ, ಕಾಲೇಜು ಬಿಟ್ಟ ಮೇಲೆ ಸೈಕಲ್ ಮುಟ್ಟಿಲ್ಲ, ಶುಗರ್ ಬಾರ್ಡರಲ್ಲಿ ಉಂಟು ತೂಕ ಇಳಿಸಿ ಅಂತ ಡಾಕ್ಟ್ರು ಹೇಳಿದ್ದಾರೆ, ಮೊಣಗಂಟು ಸ್ವಲ್ಪ ನೋಯ್ತದೆ, ಬಜೆಟ್ ಹದಿನೈದು ಸಾವಿರ. ನಾನು ನೀರ್ಚಾಲು ಕಡೆಯವ, ನಿಮಗಿಂತ ನಾಲ್ಕು ವರ್ಷ ದೊಡ್ಡವ, ಇದೇ ವಯಸ್ಸಲ್ಲಿ ಮತ್ತೆ ಹತ್ತಿದವ. ನಿಮ್ಮ ರೋಡೂ ನಮ್ಮ ರೋಡೂ ಒಂದೇ ಜಾತಿದು, ಹಾಗಾಗಿ ಧೈರ್ಯದಲ್ಲಿ ಹೇಳ್ತೇನೆ.

ಗೇರ್ ಇರುವ ಹೈಬ್ರಿಡ್ ತಗೊಳ್ಳಿ, ಅಂದ್ರೆ ಡಾಮರು ರೋಡಿಗೂ ಸಾಧಾರಣ ಮಣ್ಣು ರೋಡಿಗೂ ಆಗುವಂಥದ್ದು, ಮುಂದೆ ಶಾಕ್ ಅಬ್ಸಾರ್ಬರ್ ಇಲ್ಲದ್ದು, ನಿಮ್ಮ ಅಳತೆಯದ್ದು. ಆದ್ರೆ ಹೈಬ್ರಿಡ್ ಅಂತ ಬರೆದದ್ದನ್ನು ನೋಡಿ ತಗೊಳ್ಳುವುದಲ್ಲ, ನಿಮ್ಮ ಮನೆ ಅಂಗಳದಿಂದ ಡಾಮರು ರೋಡಿಗೆ ಹತ್ತುವ ಚಡಾವು ಉಂಟಲ್ಲ, ಅದನ್ನು ಕೂತ್ಕೊಂಡೇ ಹತ್ತುವಷ್ಟು ಸಣ್ಣ ಗೇರ್ ಅದರಲ್ಲಿ ಉಂಟಾ ಅಂತ ನೋಡಿ ತಗೊಳ್ಳುವುದು. ಯೂಟ್ಯೂಬಲ್ಲಿ ಹೇಳುವವರೆಲ್ಲ ದೊಡ್ಡ ಸಿಟಿಯ ಸಪಾಟು ರೋಡಿನ ಲೆಕ್ಕದಲ್ಲಿ ಹೇಳುವುದು. ನಮ್ಮಲ್ಲಿ ಹಾಗಲ್ಲ ಮಾರಾಯ್ರೆ, ತೋಟ ಕೆಳಗೆ, ಮನೆ ತೋಟದ ಬದಿಯಲ್ಲಿ, ರೋಡು ಗುಡ್ಡೆಯ ಮೇಲೆ. ಬೆಳಿಗ್ಗೆ ಎದ್ದು ಮೈ ಬಿಸಿ ಆಗುವ ಮೊದಲೇ ಎದುರಿಗೆ ಬರುವುದು ಏರು. ನಮ್ಮ ಊರಲ್ಲಿ ಹೊಸ ಸೈಕಲ್ ತಂದು ಒಂದು ತಿಂಗಳಲ್ಲಿ ಶೆಡ್ಡಿಗೆ ಹಾಕಿದವರನ್ನು ಕೇಳಿ ನೋಡಿ, ಹೆಚ್ಚಿನವರದ್ದು ಇದೇ ಕಥೆ, ಪುರುಸೊತ್ತಿಲ್ಲ ಅಂತ ಬಾಯಲ್ಲಿ ಹೇಳ್ತಾರೆ ಅಷ್ಟೇ.

ಗೇರಿನ ಲೆಕ್ಕ ದೊಡ್ಡ ವಿದ್ಯೆ ಅಲ್ಲ. ಹಳೇ ಕಾಲದ ಕರಿ ಸೈಕಲಲ್ಲಿ ಪೆಡಲಿನ ಹತ್ತಿರದ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಹಲ್ಲುಚಕ್ರಕ್ಕೆ 18 ಅಂತ ಇಟ್ಕೊಳ್ಳಿ, ಪೆಡಲ್ ಒಂದು ಸುತ್ತು ಬಂದ್ರೆ ಸೈಕಲ್ ಹೆಚ್ಚುಕಮ್ಮಿ ಐದೂವರೆ ಮೀಟರ್ ಮುಂದೆ ಹೋಗ್ತದೆ, ಅಂದ್ರೆ ಒಂದು ಸುತ್ತಿಗೆ ಅಷ್ಟು ದೂರ ನಿಮ್ಮ ತೂಕ, ಸೈಕಲಿನ ತೂಕ ಎರಡನ್ನೂ ಮೇಲೆ ಎಳೀಬೇಕು. ಮುಂದೆ 28 ಹಿಂದೆ 28 ಇದ್ರೆ ಒಂದು ಸುತ್ತಿಗೆ ಬರೀ 2.2 ಮೀಟರ್, ಹಿಂದಿನದ್ದು 34 ಇದ್ರೆ ಎರಡು ಮೀಟರಿಗಿಂತಲೂ ಕಮ್ಮಿ. ನಿಧಾನ ಹೋಗ್ತೀರಿ, ಆದ್ರೆ ಹೋಗ್ತೀರಿ, ಇಳಿದು ತಳ್ಳುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ 21 ಗೇರಾ 24 ಗೇರಾ ಅಂತ ಕೇಳಿ ಪ್ರಯೋಜನ ಇಲ್ಲ. ಮುಂದಿನ ಅತಿ ಸಣ್ಣದಕ್ಕೆ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡದಕ್ಕೆ ಎಷ್ಟು ಅಂತ ಕೇಳಿ, ಅವರಿಗೆ ಗೊತ್ತಿಲ್ಲದಿದ್ರೆ ಕೂತು ಎಣಿಸಿ, ನಾಚಿಕೆ ಎಂತದ್ದು. ಹಿಂದಿನದ್ದು ಮುಂದಿನದಕ್ಕೆ ಸಮ ಇರ್ಬೇಕು, ಇಲ್ಲದಿದ್ರೆ ಅದಕ್ಕಿಂತ ದೊಡ್ಡದಿರ್ಬೇಕು. ಹಾಗಾಗಿ ಗೇರ್ ಇಲ್ಲದ್ದು ನಿಮಗೆ ಬೇಡವೇ ಬೇಡ. ಉಪ್ಪಳ, ಮಂಜೇಶ್ವರ, ಕುಂಬ್ಳೆ ಕಡಲ ಕರೆಯವರಿಗೆ ಸಾಕಾದೀತು, ಅಲ್ಲಿ ಸಪಾಟು. ಚೆರ್ಕಳ ಕಲ್ಲಡ್ಕ ರೋಡಲ್ಲಿ ನಿಮಗೆ ಮೊಣಗಂಟೇ ಹೋದೀತು.

ಮೊಣಗಂಟಿನ ಮಾತು ಬಂತಲ್ಲ, ಇದನ್ನು ಸ್ವಲ್ಪ ಗಮನ ಇಟ್ಟು ಓದಿ. ದೊಡ್ಡ ಗೇರಲ್ಲಿ ದಮ್ಮು ಕಟ್ಟಿ ನಿಧಾನಕ್ಕೆ ತುಳಿಯುವುದೇ ಮೊಣಗಂಟಿಗೆ ಶತ್ರು. ಸಣ್ಣ ಗೇರಲ್ಲಿ ಹಗುರ ಮಾಡಿ ಬೇಗ ಬೇಗ ತಿರುಗಿಸಿ, ಸಪಾಟಲ್ಲಿ ನಿಮಿಷಕ್ಕೆ 70-80 ಸುತ್ತು ಬಂದ್ರೆ ಸರಿ. ಎರಡನೇದು ಸೀಟಿನ ಎತ್ತರ. ನಾವೆಲ್ಲ ಒಳಪೆಡಲು ಹೊಡೆದು ಕಲಿತವರು, ಸೀಟಿಗೆ ಬಂದ ಮೇಲೆ ಎರಡೂ ಕಾಲು ಪೂರ್ತಿ ನೆಲಕ್ಕೆ ತಾಗಿದ್ರೇ ಧೈರ್ಯ. ಅಂಗಡಿಯವರೂ ಹಾಗೇ ಕೆಳಗೆ ಮಾಡಿ ಕೊಡ್ತಾರೆ. ಅಷ್ಟು ಕೆಳಗಿದ್ರೆ ಪ್ರತಿ ಸುತ್ತಿಗೂ ಮೊಣಗಂಟು ಅತಿಯಾಗಿ ಮಡಚಿ ಚಿಪ್ಪಿನ ಹತ್ತಿರ ನೋವು ಶುರುವಾಗ್ತದೆ. ಮನೆಯಲ್ಲೇ ಅಳತೆ ತೆಗೀರಿ: ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಗಟ್ಟಿ ರಟ್ಟಿನ ಪುಸ್ತಕ ಒಂದನ್ನು ಕಾಲಿನ ನಡುವೆ ಮೇಲಿನವರೆಗೆ ಒತ್ತಿ ಹಿಡಿದು, ಪುಸ್ತಕದ ಮೇಲಂಚಿಂದ ನೆಲಕ್ಕೆ ಟೇಪ್ ಹಿಡಿಯಲಿಕ್ಕೆ ಮನೆಯವರಿಗೆ ಹೇಳಿ. 78 ಸೆಂಟಿಮೀಟರ್ ಬಂತು ಅಂತಾದ್ರೆ ಅದನ್ನು 0.88ರಿಂದ ಗುಣಿಸಿ, 69ರ ಹತ್ತಿರ ಬರ್ತದೆ. ಪೆಡಲಿನ ಎರಡು ದಂಡಗಳು ಸೇರ್ತವಲ್ಲ ಆ ನಡು ಜಾಗದಿಂದ ಸೀಟಿನ ಮೇಲಿನವರೆಗೆ ಅಷ್ಟು ಇರ್ಲಿ, ಆಮೇಲೆ ಅರ್ಧ ಸೆಂಟಿಮೀಟರ್ ಆಚೆ ಈಚೆ ನಿಮ್ಮ ಹಿತಕ್ಕೆ. ಟೇಪ್ ಇಲ್ಲದಿದ್ರೆ, ಪೆಡಲ್ ಕೆಳಗಿರುವಾಗ ಹಿಮ್ಮಡಿ ಅದರ ಮೇಲೆ ಇಟ್ರೆ ಕಾಲು ನೇರ ಆಗ್ಬೇಕು, ಪಾದದ ಮುಂದಿನ ಭಾಗದಲ್ಲಿ ತುಳಿಯುವಾಗ ಚೂರು ಮಡಚಿರ್ಬೇಕು. ಆಗ ನಿಂತಾಗ ಬೆರಳ ತುದಿ ಮಾತ್ರ ನೆಲಕ್ಕೆ ತಾಗ್ತದೆ, ಹೆದರಿಕೆ ಬೇಡ, ನಿಲ್ಲಿಸುವಾಗ ಸೀಟಿಂದ ಮುಂದೆ ಇಳೀಲಿಕ್ಕೆ ಅಭ್ಯಾಸ ಮಾಡಿ. ಮೊಣಗಂಟಿನ ಹಿಂಬದಿ ನೋಯ್ಲಿಕ್ಕೆ ಶುರುವಾದ್ರೆ ಸೀಟು ಮೇಲೆ ಹೆಚ್ಚಾಯ್ತು ಅಂತ ಲೆಕ್ಕ.

ಫ್ರೇಮ್ ಸೈಜು ಇದಕ್ಕಿಂತ ಮುಖ್ಯ, ಯಾಕಂದ್ರೆ ಸೀಟು ಏರಿಸಿ ಇಳಿಸ್ಬಹುದು, ಫ್ರೇಮ್ ಬದಲಿಸ್ಲಿಕ್ಕೆ ಆಗುದಿಲ್ಲ. ಸೈಕಲ್ ಮೇಲೆ ಎರಡೂ ಕಡೆ ಕಾಲು ಹಾಕಿ ನಿಂತಾಗ ಮೇಲಿನ ಬಾರಿಗೂ ನಿಮಗೂ ಒಂದೆರಡು ಇಂಚು ಸಂದು ಇರ್ಬೇಕು. ಕಾಲೆತ್ತಿ ಹಿಂದಿನಿಂದ ಹಾಕ್ಲಿಕ್ಕೆ ಕಷ್ಟ ಇದ್ರೆ ಬಾರ್ ತಗ್ಗಿರುವ ಮಾಡೆಲ್ ಬರ್ತದೆ, ಅದನ್ನು ಲೇಡೀಸ್ ಸೈಕಲ್ ಅಂತ ನಗಾಡುವವರು ನಗಾಡ್ಲಿ, ಮುಂಡು ಉಟ್ಟವನಿಗೆ ಅದಕ್ಕಿಂತ ಒಳ್ಳೇದು ಇಲ್ಲ. ಹ್ಯಾಂಡಲ್ ಸೀಟಿನ ಸಮಕ್ಕೋ ಅದಕ್ಕಿಂತ ಸ್ವಲ್ಪ ಮೇಲೋ ಇರ್ಲಿ, ಬಗ್ಗಿ ಕೂತ್ರೆ ಭಾರ ಎಲ್ಲ ಅಂಗೈಗೆ ಬಂದು ಕಿರುಬೆರಳು ಜೋಮು ಹಿಡೀತದೆ.

ಇನ್ನು ದಪ್ಪ ಟಯರಿನ ಎಂಟಿಬಿ. ನೋಡ್ಲಿಕ್ಕೆ ಗತ್ತು, ಮಕ್ಕಳಿಗೆ ಇಷ್ಟ. ಆದ್ರೆ ಹತ್ತು ಹದಿನೈದು ಸಾವಿರದ ಸೈಕಲಲ್ಲಿ ಬರುವ ಮುಂದಿನ ಶಾಕ್ ಬರೀ ತೂಕ, ಚಡಾವಲ್ಲಿ ನೀವು ಒತ್ತಿ ತುಳಿದ ಶಕ್ತಿಯನ್ನು ಅದು ಮೇಲೆ ಕೆಳಗೆ ಕುಣಿದು ತಿಂತದೆ. ಮುಳ್ಳುಮುಳ್ಳು ಟಯರು ಡಾಮರಲ್ಲಿ ಗುಯ್ ಅಂತ ಸದ್ದು ಮಾಡ್ತದೆ, ಎಳೀಲಿಕ್ಕೂ ಭಾರ. ಪೊಸಡಿ ಗುಂಪೆ ಗುಡ್ಡೆಗೆ ಮಣ್ಣು ದಾರಿಯಲ್ಲಿ ಹತ್ತುವ ಪ್ಲಾನ್ ಇದ್ರೆ ಬೇರೆ ಮಾತು. ನಿಮಗೆ 700 ಬೈ 35ರಿಂದ 40ರ ಟಯರ್, ಅಂದ್ರೆ 35ರಿಂದ 40 ಮಿಲಿಮೀಟರ್ ಅಗಲದ್ದು ಸಾಕು, ಗಾಳಿ ಸ್ವಲ್ಪ ಕಮ್ಮಿ, 50 ಪಿಎಸ್‌ಐ ಹತ್ತಿರ ಇಟ್ರೆ ಮುರಕಲ್ಲಿನ ಒಳರಸ್ತೆಯಲ್ಲೂ ಮೈ ಕುಲುಕುದಿಲ್ಲ.

ಇನ್ನೊಂದು ಸಣ್ಣ ವಿಷಯ, ಯಾರೂ ಹೇಳುದಿಲ್ಲ: ಟ್ಯೂಬಿನ ವಾಲ್ವ್ ನೋಡಿ. ಬೈಕು ಕಾರಿಗೆ ಇರುವಂಥ ದಪ್ಪ ವಾಲ್ವ್ ಇದ್ರೆ ಬದಿಯಡ್ಕದ ಯಾವ ಟಯರ್ ಅಂಗಡಿಯಲ್ಲೂ ಗಾಳಿ ಹಾಕ್ತಾರೆ. ಕೆಲವು ಹೈಬ್ರಿಡ್ಡಿಗೆ ಸಪೂರ ಪ್ರೆಸ್ಟಾ ವಾಲ್ವ್ ಬರ್ತದೆ, ಅದಕ್ಕೆ ಅಡಾಪ್ಟರ್ ಇಲ್ಲದೆ ಅವರ ಪಂಪ್ ಕೂರುದಿಲ್ಲ.

ಬ್ರೇಕ್ ಡಿಸ್ಕ್ ಇರ್ಲಿ, ಕೇಬಲಿನದ್ದೇ ಸಾಕು. ರಿಮ್ಮಿಗೆ ರಬ್ಬರ್ ಒತ್ತುವ ಬ್ರೇಕು ಜೂನ್ ಜುಲೈ ಮಳೆಯಲ್ಲಿ ಮೊದಲೆರಡು ಸುತ್ತು ಹಿಡಿಯುವುದೇ ಇಲ್ಲ, ನಮ್ಮ ಇಳಿಜಾರಲ್ಲಿ ಆ ಎರಡು ಸುತ್ತು ಸಾಕು. ಚೈನು ಮಳೆಗಾಲದಲ್ಲಿ ಒಂದೇ ರಾತ್ರಿಗೆ ಕೆಂಪಾಗ್ತದೆ, ಒರೆಸಿ ಎಣ್ಣೆ ಹಾಕ್ಲೇಬೇಕು, ತೆಂಗಿನೆಣ್ಣೆ ಅಲ್ಲ, ಚೈನಿಗೆ ಅಂತಲೇ ಸಿಗುವುದು. ಮಡ್‌ಗಾರ್ಡ್ ಸ್ಟ್ಯಾಂಡ್ ಲೈಟು ಹೆಲ್ಮೆಟ್ಟಿಗೆ ಎರಡು ಸಾವಿರ ಬೇರೆ ತೆಗೆದಿಡಿ, ಅಂದ್ರೆ ಸೈಕಲಿಗೆ ಹದಿಮೂರು. ಆನ್‌ಲೈನಲ್ಲಿ ಐನೂರು ಕಮ್ಮಿಗೆ ಸಿಗ್ತದೆ ಅಂತ ತರಿಸ್ಬೇಡಿ, ಅರೆಬರೆ ಜೋಡಿಸಿ ಪೆಟ್ಟಿಗೆಯಲ್ಲಿ ಬರ್ತದೆ, ಗೇರ್ ಹೊಂದಿಸ್ಲಿಕ್ಕೆ ನೀವು ಯಾರ ಕಾಲು ಹಿಡೀತೀರಿ. ಕಾಸರಗೋಡಿಗೋ ಮಂಗಳೂರಿಗೋ ಹೋಗಿ ಕೂತು ಓಡಿಸಿ ನೋಡಿ ತಗೊಳ್ಳಿ, ಓಡಿಸ್ಲಿಕ್ಕೆ ಬಿಡದ ಅಂಗಡಿಯಿಂದ ಸೀದಾ ಹೊರಗೆ ಬನ್ನಿ. ದಪ್ಪ ಮೆತ್ತೆಯ ಜೆಲ್ ಸೀಟು ತೋರಿಸಿದ್ರೆ ಮರುಳಾಗ್ಬೇಡಿ, ಕುಂಡೆಯ ಎರಡು ಎಲುಬಿನ ಮೇಲೆ ಭಾರ ಬೀಳ್ಬೇಕು, ಅತಿ ಮೆತ್ತಗಾದ್ರೆ ಹುಗಿದು ನಡುವೆ ಒತ್ತುತ್ತದೆ. ಮೊದಮೊದಲು ನೋವು ಸಹಜ, ಮರಗಟ್ಟಿದ್ರೆ ಸೀಟಿನ ಮೂತಿ ಸ್ವಲ್ಪ ಕೆಳಗೆ ಮಾಡಿ.

ಶುರು ಮಾಡುವ ಮೊದಲು ಬಿಪಿ, ಇಸಿಜಿ ಒಮ್ಮೆ ಡಾಕ್ಟ್ರಿಗೆ ತೋರಿಸಿ. ಶುಗರಿಗೆ ಮಾತ್ರೆ ಕೊಟ್ಟಿದ್ರೆ ಖಾಲಿ ಹೊಟ್ಟೆಯಲ್ಲಿ ತುಳೀಬಹುದಾ ಅಂತಲೂ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ ಹೇಳ್ತದೆ, ಅಂದ್ರೆ ಕಮ್ಮಿ ಅಂದ್ರೂ ವಾರದಲ್ಲಿ ಐದು ದಿನ ಅರ್ಧ ಗಂಟೆ. ಹಾಡ್ಲಿಕ್ಕೆ ಆಗ್ಬಾರ್ದು ಮಾತಾಡ್ಲಿಕ್ಕೆ ಆಗ್ಬೇಕು, ಅಷ್ಟು ವೇಗ. ಬೆಳಿಗ್ಗೆ ಬಸ್ಸುಗಳು ಜೋರಾಗುವ ಮೊದಲು ಮುಗಿಸಿ, ಆರು ಲೇನಿನ ಹೈವೇಗೆ ಹತ್ಬೇಡಿ, ಸರ್ವಿಸ್ ರೋಡಲ್ಲೇ ಇರಿ. ನಾಯಿ ಅಟ್ಟಿಸಿಕೊಂಡು ಬಂದ್ರೆ ಓಡಿಸಿ ತಪ್ಪಿಸ್ಲಿಕ್ಕೆ ಹೋಗ್ಬೇಡಿ, ಇಳಿದು ಸೈಕಲನ್ನು ನಡುವೆ ಅಡ್ಡ ಹಿಡಿದು ನಿಧಾನ ನಡೀರಿ, ಹೆಚ್ಚಾಗಿ ಅದಕ್ಕೇ ಬೇಜಾರಾಗಿ ಹೋಗ್ತದೆ.

ಮೊಣಗಂಟು ನಿಜಕ್ಕೂ ಕೆಟ್ಟಿದೆ ಅಂತ ಡಾಕ್ಟ್ರು ಹೇಳಿದ್ರೆ ಮಾತ್ರ ಬ್ಯಾಟರಿ ಸೈಕಲ್ ಯೋಚಿಸಿ. 250 ವಾಟ್‌ಗಿಂತ ಕಮ್ಮಿಯ ಮೋಟರ್, ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ರೆ ರಿಜಿಸ್ಟ್ರೇಷನ್ ಬೇಡ. ಆದ್ರೆ ನಿಮ್ಮ ಬಜೆಟ್ ಡಬ್ಬಲ್ ಆಗ್ತದೆ, ಮತ್ತೆ ಚಾರ್ಜ್ ಮುಗಿದ ದಿನ ಇಪ್ಪತ್ತು ಕಿಲೋ ಮೇಲಿನ ಅದನ್ನು ತಳ್ಳಿಕೊಂಡೋ ಬರೀ ಕಾಲಬಲದಲ್ಲಿ ತುಳಿದೋ ಮನೆಗೆ ಬರ್ಬೇಕು.