ಇಬ್ಬರು, 10 ದಿನ, ಕಡಲ ದಾರಿ: ಎರಡನೇ ಬ್ಯಾಟರಿ ಬೇಕೇ?

ನಮಸ್ಕಾರ. ನೀವು ಕೇಳಿದ್ದು ಇಷ್ಟು: ಗಂಡ ಹೆಂಡತಿ ಇಬ್ಬರೇ, ಸಮುದ್ರದಂಚಿನ ರಸ್ತೆಯಲ್ಲಿ ಕ್ಯಾಂಪರ್‌ವ್ಯಾನ್‌ನಲ್ಲಿ 10 ದಿನ, 100 ಎಎಚ್ (ಆಂಪ್-ಅವರ್, ಅಂದರೆ ಎಷ್ಟು ಆಂಪ್ ಎಷ್ಟು ಗಂಟೆ ಅನ್ನುವ ಅಳತೆ) ಲೆಡ್ ಆಸಿಡ್ ಬ್ಯಾಟರಿ, ಮಾಡಿನ ಮೇಲೆ 200 ವ್ಯಾಟ್ ಸೋಲಾರ್, 12 ವೋಲ್ಟಿನ ಕಂಪ್ರೆಸರ್ ಫ್ರಿಜ್. ರಾತ್ರಿ ಫ್ರಿಜ್ ತಾನಾಗಿ ಆಫ್ ಆಗುತ್ತಿದೆ, ಎರಡನೇ ಬ್ಯಾಟರಿ ಹಾಕಿಸಬೇಕಾ? ದಾರಿ ಯಾವ ದಿಕ್ಕಿನಿಂದ? ಬ್ಯಾಟರಿ ನನ್ನ ಮಟ್ಟಿಗೆ ಬೇಡ. ಕಡಲ ಪಕ್ಕ ಇರುವವರನ್ನು ಹೆಚ್ಚು ಸತಾಯಿಸುವುದು ಕರೆಂಟಲ್ಲ, ಉಪ್ಪು ಮತ್ತು ತೇವ. ಆದರೂ ಕೇಳಿದ್ದು ಕರೆಂಟಿನ ಬಗ್ಗೆ, ಅದನ್ನೇ ಮೊದಲು ನೋಡೋಣ.

ಫ್ರಿಜ್ ಓಡುವಾಗ ಸುಮಾರು 4 ಆಂಪ್ ಎಳೆಯುತ್ತದೆ. ಸೆಕೆಯಲ್ಲಿ ದಿನದ ಅರ್ಧ ಹೊತ್ತು ಓಡುತ್ತದೆ ಅಂತ ಹಿಡಿದರೆ 48 ಎಎಚ್. ಫ್ಯಾನ್ ಕಡಿಮೆ ಸ್ಪೀಡಿನಲ್ಲಿ ರಾತ್ರಿಯಿಡೀ 8, ಎಲ್‌ಇಡಿ ದೀಪಕ್ಕೆ 2, ಎರಡು ಫೋನಿಗೆ 3, ನೀರಿನ ಪಂಪಿಗೆ 1. ಒಟ್ಟು 62. ಲೆಡ್ ಆಸಿಡ್‌ನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಬೇಗ ಮುಗಿಯುತ್ತದೆ, ಹಾಗಾಗಿ ನಿಮ್ಮ ಕೈಗೆ ಸಿಗುವುದು 50 ಮಾತ್ರ. ಚಪ್ಪಟೆಯಾಗಿ ಮಲಗಿದ 200 ವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ 45ರಿಂದ 50 ಎಎಚ್ ಕೊಡುತ್ತದೆ. ಅಂದರೆ ಬಿಸಿಲಿದ್ದರೆ ದಿನಕ್ಕೆ ಹತ್ತು ಹದಿನೈದು ಕೊರತೆ. ಮೋಡ ಕವಿದರೆ ಒಂದೇ ದಿನದಲ್ಲಿ ಬ್ಯಾಟರಿ ಬರಿದು. ಇದಕ್ಕೆ ಎರಡನೇ ಬ್ಯಾಟರಿ ಮದ್ದಲ್ಲ, ತುಂಬಿಸುವವರೇ ಇಲ್ಲದಿದ್ದರೆ ಅದೂ ಬರಿದಾಗುತ್ತದೆ. ಇಂಜಿನ್ ಓಡುವಾಗ ಚಾರ್ಜ್ ಮಾಡುವ 20 ಆಂಪ್‌ನ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ದಿನಕ್ಕೆ ಎರಡು ಗಂಟೆ ಓಡಿಸಿದರೂ 30-35 ಎಎಚ್ ಬರುತ್ತದೆ. ಚಾರ್ಜರ್ ವೈರಿನ ಎರಡೂ ತುದಿಯಲ್ಲಿ, ಇಂಜಿನ್ ಬ್ಯಾಟರಿಗೂ ಒಳಗಿನ ಬ್ಯಾಟರಿಗೂ ಆದಷ್ಟು ಹತ್ತಿರ, ಫ್ಯೂಸ್ ಇರಲೇಬೇಕು.

ಫ್ರಿಜ್ ಆಫ್ ಆಗುವುದು ಬೇರೆಯೇ ಕತೆ. ಬ್ಯಾಟರಿಯಲ್ಲಿ 12.3 ವೋಲ್ಟ್, ಅಂದರೆ ಅರ್ಧಕ್ಕಿಂತ ಹೆಚ್ಚು ಚಾರ್ಜ್, ಇದ್ದೂ ಫ್ರಿಜ್ ಆಫ್ ಆಗುತ್ತಿದ್ದರೆ ನನಗೆ ವೈರಿನ ಮೇಲೇ ಅನುಮಾನ. ಕಂಪ್ರೆಸರ್ ಓಡುತ್ತಿರುವಾಗಲೇ ಮಲ್ಟಿಮೀಟರ್‌ನಿಂದ ಬ್ಯಾಟರಿಯ ಮೇಲೊಮ್ಮೆ, ಫ್ರಿಜ್ಜಿನ ಪ್ಲಗ್ ಹತ್ತಿರ ಇನ್ನೊಮ್ಮೆ ಅಳೆಯಿರಿ. ವ್ಯತ್ಯಾಸ 0.3 ವೋಲ್ಟ್ ದಾಟಬಾರದು. 5 ಮೀಟರ್ ದೂರಕ್ಕೆ 1.5 ಸ್ಕ್ವೇರ್ ಎಂಎಂ ವೈರ್ ಎಳೆದಿದ್ದರೆ 4 ಆಂಪಿಗೇ ಅರ್ಧ ವೋಲ್ಟ್ ಹತ್ತಿರ ಬೀಳುತ್ತದೆ, ಸ್ಟಾರ್ಟ್ ಆಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ಬ್ಯಾಟರಿ ಖಾಲಿಯಾಯಿತು ಅಂದುಕೊಂಡು ಫ್ರಿಜ್ ನಿಂತುಬಿಡುತ್ತದೆ. 6 ಸ್ಕ್ವೇರ್ ಎಂಎಂ ಹಾಕಿ. ಸಿಗರೇಟ್ ಲೈಟರ್ ಮಾದರಿಯ ಸಾಕೆಟ್ ಇದ್ದರೆ ಕಿತ್ತು ನೋಡಿ: ಪ್ಲಗ್ ತುದಿಯ ಸ್ಪ್ರಿಂಗ್ ಪಿನ್ ಮೇಲೆ ಹಸಿರು ಪುಡಿ ಕೂತಿದ್ದರೆ, ಮುಟ್ಟಿದರೆ ಬೆಚ್ಚಗಿದ್ದರೆ, ಕಳ್ಳ ಅಲ್ಲೇ ಇದ್ದಾನೆ. ಉಜ್ಜಿ ಮತ್ತೆ ಹಾಕುವುದು ಎರಡು ದಿನದ ಆಟ. ತಿರುಗಿಸಿ ಲಾಕ್ ಮಾಡುವ ಕನೆಕ್ಟರ್ ಹಾಕಿ, ಬ್ಯಾಟರಿ ಟರ್ಮಿನಲ್‌ಗಳನ್ನು ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಸವರಿ. ಪ್ಯಾನೆಲ್ ಮೇಲೂ ಉಪ್ಪಿನ ಪೊರೆ ಕೂರುತ್ತದೆ, ಎರಡು ದಿನಕ್ಕೊಮ್ಮೆ ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ.

ಇನ್ನು ತೇವ. ಉಪ್ಪು ಗಾಳಿಯ ನೀರನ್ನು ಹೀರುತ್ತದೆ. ಸಮುದ್ರದಲ್ಲಿ ಮಿಂದು ಹಾಗೇ ಒಣಗಿಸಿಕೊಂಡು ಮಲಗಿದರೆ ಮೈಮೇಲಿನ ಉಪ್ಪು ಹಾಸಿಗೆಗೆ ಇಳಿಯುತ್ತದೆ. ಆಮೇಲೆ ಎಷ್ಟು ಬಿಸಿಲಿಗೆ ಹಾಕಿದರೂ ಆ ಬೆಡ್‌ಶೀಟ್ ಸಂಜೆಗೆ ಮತ್ತೆ ಅಂಟಂಟು. ಗಿಡಕ್ಕೆ ಔಷಧಿ ಹೊಡೆಯುವ 5 ಲೀಟರಿನ ಹ್ಯಾಂಡ್ ಸ್ಪ್ರೇಯರ್ ಹೊಸದೊಂದು ತಂದು, ಮೈ ತೊಳೆಯಲೆಂದೇ ಬಾಗಿಲ ಹೊರಗೆ ಇಡಿ. ಒಬ್ಬೊಬ್ಬರಿಗೆ 2 ಲೀಟರ್ ಸಾಕು, ಒಳಗಿನ ಶವರ್ ಅಷ್ಟನ್ನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಖಾಲಿ ಮಾಡುತ್ತದೆ.

ರಾತ್ರಿ ಇಬ್ಬರ ಉಸಿರು, ಬೆವರಿನಿಂದಲೇ ಸುಮಾರು ಅರ್ಧ ಲೀಟರ್ ನೀರು ಗಾಳಿಗೆ ಸೇರುತ್ತದೆ. ಗ್ಯಾಸ್ ಉರಿಸಿದರಂತೂ ಕಿಲೋಗೆ ಒಂದೂವರೆ ಕಿಲೋಗಿಂತ ಹೆಚ್ಚು ನೀರು ಹಬೆಯಾಗಿ ಹೊರಡುತ್ತದೆ. ಆದ್ದರಿಂದ ಅಡುಗೆಗೆ ಬಾಗಿಲು ತೆರೆದಿರಲಿ, ಮಲಗುವಾಗ ಕೆಳಗಿನ ಒಂದು ಕಿಟಕಿ, ಮೇಲಿನ ವೆಂಟ್ ಎರಡೂ ಬೆರಳಗಲ ತೆರೆದಿರಲಿ. ಹಾಸಿಗೆಯ ಅಡಿಗೆ ಹಲಗೆ ಬದಲು ಪಟ್ಟಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬೆಳಗ್ಗೆ ಎತ್ತಿ ನಿಲ್ಲಿಸಿ. ಒಂದು ಎಚ್ಚರಿಕೆ: ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ತೂತಿನಿಂದ ಹೊರಹೋಗಬೇಕು. ಮರಳು ಬರುತ್ತದೆಂದು ಅದರ ಮೇಲೆ ಚಾಪೆ ಹಾಸುವವರು ಬಹಳ. ಹಾಸಬೇಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಹೊರಡಲೂ ಬೇಡಿ.

ನೀರು ಇಬ್ಬರಿಗೆ ದಿನಕ್ಕೆ 20 ಲೀಟರ್ ಅಂತ ಇಟ್ಟುಕೊಳ್ಳಿ. ನೀವು ಹಾಕಿಸಬೇಕೆಂದಿದ್ದ ಬ್ಯಾಟರಿಯ ತೂಕ 28-30 ಕಿಲೋ. ಆ ತೂಕಕ್ಕೆ ಒಂದೂವರೆ ದಿನದ ನೀರು ಬರುತ್ತದೆ.

ಸ್ಲೈಡಿಂಗ್ ಬಾಗಿಲು ಕರಕರ ಅಂದರೆ ಗ್ರೀಸ್ ಹಚ್ಚಲು ಹೋಗಬೇಡಿ. ಮರಳು ಅದರಲ್ಲಿ ಸೇರಿ ರೋಲರನ್ನೇ ತಿನ್ನುತ್ತದೆ. ಹಳೆ ಟೂತ್‌ಬ್ರಶ್‌ನಲ್ಲಿ ಕೆಳಗಿನ ಟ್ರ್ಯಾಕ್ ಗುಡಿಸಿ, ಒಣ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಒಂದೇ ಕಡೆ ಎರಡು ಮೂರು ದಿನ ನಿಲ್ಲುವುದಾದರೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಉಪ್ಪುಗಾಳಿಗೆ ಬ್ರೇಕ್ ಹಿಡಿದುಕೊಂಡುಬಿಡುತ್ತದೆ. ಸಮತಟ್ಟಿನಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಅಡ್ಡಗಟ್ಟೆ ಕೊಡಿ. ಹೊರಡುವಾಗ ಮೊದಲ ಒಂದೆರಡು ಬ್ರೇಕಿಗೆ ಬರುವ ಕಿರ್ ಸದ್ದು ಡಿಸ್ಕ್ ಮೇಲಿನ ತುಕ್ಕಿನದು, ಗಾಬರಿ ಬೇಡ.

ಮರಳಿಗೆ ವ್ಯಾನ್ ಇಳಿಸಲೇಬೇಡಿ, ಫೋಟೋ ಎಷ್ಟೇ ಚೆನ್ನಾಗಿ ಬರಲಿ. ಅಕಸ್ಮಾತ್ ಹೂತುಕೊಂಡರೆ ಚಕ್ರ ಸುಮ್ಮನೆ ತಿರುಗಿದ ಕೂಡಲೇ ಆಕ್ಸಲರೇಟರ್ ಬಿಡಿ. ಇನ್ನೂ ಒತ್ತಿದರೆ ಹೊಟ್ಟೆ ನೆಲಕ್ಕೆ ಕೂರುತ್ತದೆ. ಟೈರ್ ಗಾಳಿ 20 ಪಿಎಸ್‌ಐಗೆ ಇಳಿಸಿ, ಎಂಜಿನ್ ಶಕ್ತಿ ಹೋಗುವ ಚಕ್ರಗಳ ಹಿಂದಿನ ಮರಳು ತೋಡಿ ಹಲಗೆ ಕೊಟ್ಟು, ಬಂದ ಗಾಲಿಜಾಡಿನಲ್ಲೇ ಹಿಂದಕ್ಕೆ ತೆಗೆಯಿರಿ. ಅಲ್ಲಿ ಮರಳು ಆಗಲೇ ಒತ್ತಿಕೊಂಡಿರುತ್ತದೆ. ರಸ್ತೆಗೆ ಬಂದ ಮೇಲೆ ಗಾಳಿ ತುಂಬದೆ ವೇಗ ಹೆಚ್ಚಿಸಿದರೆ ಟೈರ್ ಕಾದು ಒಡೆಯುತ್ತದೆ, ಪಂಪ್ ಜೊತೆಗಿರಲಿ.

ರಾತ್ರಿ ನಿಲ್ಲಿಸುವ ಜಾಗದಲ್ಲಿ ಕಸಕಡ್ಡಿ, ಪಾಚಿ ಗೆರೆಯಾಗಿ ಬಿದ್ದಿದೆಯಾ ನೋಡಿ, ಕಳೆದ ಉಬ್ಬರ ಅಲ್ಲಿಯವರೆಗೆ ಬಂದಿತ್ತು ಅಂತ ಅರ್ಥ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರವಿದ್ದರೆ ನೀರು ಆ ಗೆರೆಯನ್ನೂ ದಾಟಬಹುದು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ನಿನ್ನೆಯ ಗಂಟೆ ನಂಬಿ ಕೂರಬೇಡಿ.

ದಾರಿ ಯಾವ ದಿಕ್ಕಿನಿಂದ ಅಂತಲೂ ಕೇಳಿದ್ದೀರಿ. ವಾಹನ ರಸ್ತೆಯ ಎಡಕ್ಕೆ ಓಡುವ ದೇಶದಲ್ಲಿ ಕಡಲು ಎಡಗಡೆ ಇರುವಂತೆ, ಬಲಕ್ಕೆ ಓಡುವಲ್ಲಿ ಬಲಗಡೆ ಇರುವಂತೆ ಹೊರಡಿ. ನೋಡಲು ನಿಲ್ಲುವ ಜಾಗಗಳಿಗೆ ಎದುರು ಬರುವ ಗಾಡಿಗಳನ್ನು ಅಡ್ಡ ದಾಟಬೇಕಾಗಿಲ್ಲ. ದಿನಕ್ಕೆ 150 ಕಿ.ಮೀ. ಮೀರಬೇಡಿ, ತಿರುವುಗಳ ರಸ್ತೆಯಲ್ಲಿ ಅಷ್ಟಕ್ಕೇ ನಾಲ್ಕು ಗಂಟೆ ಬೇಕು.

ಫ್ರಿಜ್ ವೈರಿನ ದಪ್ಪ, ಪ್ಲಗ್ ಹತ್ತಿರ ಸಿಕ್ಕ ವೋಲ್ಟ್ ಎರಡನ್ನೂ ಇಲ್ಲೇ ಬರೆಯಿರಿ. ಚಾರ್ಜರ್ ಕೊಳ್ಳುವುದು ಅದನ್ನು ನೋಡಿದ ಮೇಲೆ.