ಬೋಟಿನ ಫ್ಯಾನ್ ಕೆಂಪಾದರೆ, ಪಂಪಿನ ಪೈಪು ಸೀಳಿದರೆ: ಹಿತ್ತಾಳೆ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಸರ್, ಕಾರವಾರದ ಬೈತಖೋಲ ಬಂದರಿನಲ್ಲಿ ನಮ್ಮ ಟ್ರಾಲ್ ಬೋಟ್ ಇದೆ. ಮಳೆಗಾಲಕ್ಕೆ ಮೇಲೆ ಎಳೆದಾಗ ನೋಡಿದರೆ ಫ್ಯಾನಿನ (ನೀರೊಳಗೆ ತಿರುಗಿ ಬೋಟನ್ನು ತಳ್ಳುವ ಪ್ರೊಪೆಲ್ಲರ್) ಎಲೆಗಳ ಅಂಚು ಹಳದಿ ಹೋಗಿ ಕೆಂಪಾಗಿದೆ. ಸುತ್ತಿಗೆಯಲ್ಲಿ ಬಡಿದರೆ ಚೂರು ಉದುರುತ್ತದೆ. ಕೊಳ್ಳುವಾಗ ‘ಮ್ಯಾಂಗನೀಸ್ ಬ್ರಾಂಜ್, ಏನೂ ಆಗಲ್ಲ’ ಎಂದಿದ್ದರು. ವೆಲ್ಡಿಂಗ್ ಮಾಡಿಸಿ ಇನ್ನೊಂದು ವರ್ಷ ಓಡಿಸಬಹುದಾ?

ಉತ್ತರ: ಓಡಿಸಬೇಡಿ. ನೀವು ನೋಡಿದ ಆ ಕೆಂಪು ಬರೀ ಮೇಲಿನ ಬಣ್ಣ ಅಲ್ಲ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಉಪ್ಪುನೀರಿನಲ್ಲಿ ಸತು ಕರಗಿ ಹೊರಗೆ ಹೋಗುತ್ತದೆ, ಉಳಿಯುವುದು ತೂತುತೂತಾದ ತಾಮ್ರ. ಗೆದ್ದಲು ತಿಂದ ಮರದ ಹಾಗೆ ಆಕಾರ ಹಾಗೇ ಇರುತ್ತದೆ, ಬಲ ಮಾತ್ರ ಇರುವುದಿಲ್ಲ. ಸತು ಶೇ. 15 ದಾಟಿದರೆ ಈ ಕಾಯಿಲೆ ಶುರುವಾಗಬಹುದು. ನೀರು ಬಿಸಿಯಾಗಿದ್ದು ನಿಂತಲ್ಲೇ ನಿಂತಿದ್ದರೆ ಇನ್ನೂ ಜಾಸ್ತಿ.

ಮ್ಯಾಂಗನೀಸ್ ಬ್ರಾಂಜ್ ಅಂತ ಮಾರುವ ಲೋಹದಲ್ಲಿ ಸುಮಾರು ಶೇ. 58 ತಾಮ್ರ, ಶೇ. 39 ಸತು ಇರುತ್ತದೆ, ಅಂದರೆ ಅದು ಕಂಚೇ ಅಲ್ಲ, ಗಟ್ಟಿ ಜಾತಿಯ ಹಿತ್ತಾಳೆ. ಹಾಗಂತ ಕೆಟ್ಟ ಲೋಹವೇನಲ್ಲ. ಎರಕಕ್ಕೆ ಸುಲಭ, ಕಡಿಮೆ ಬೆಲೆಗೆ ಸಿಗುತ್ತದೆ, ಝಿಂಕ್ ಆನೋಡ್ (ಬೋಟಿನ ತಳಕ್ಕೆ ಹಾಕುವ ಸತುವಿನ ಗಟ್ಟಿ) ಸರಿಯಾಗಿದ್ದರೆ ಎಷ್ಟೋ ಬೋಟುಗಳಲ್ಲಿ ಚೆನ್ನಾಗಿಯೇ ನಡೆಯುತ್ತದೆ. ನಿಮ್ಮ ಬೋಟಿನ ಆನೋಡ್ ಮೊದಲು ನೋಡಿ. ಅದು ತಾನು ಸವೆದು ಫ್ಯಾನನ್ನು ಉಳಿಸಬೇಕು. ಬೋಟಿಗೆ ಬಣ್ಣ ಹೊಡೆಯುವಾಗ ಅದಕ್ಕೂ ಬಣ್ಣ ಬಳಿದುಬಿಟ್ಟರೆ ಅದು ಕೆಲಸವನ್ನೇ ಮಾಡುವುದಿಲ್ಲ. ಅರ್ಧ ಸವೆದ ಕೂಡಲೇ ಬದಲಿಸಿ. ಫ್ಯಾನನ್ನು ತಿರುಗಿಸುವ ಶಾಫ್ಟ್ ಸ್ಟೇನ್‌ಲೆಸ್ ಸ್ಟೀಲಿನದ್ದಾದರೆ ಇದು ಇನ್ನೂ ಮುಖ್ಯ, ಯಾಕಂದರೆ ಆ ಜೋಡಿಯಲ್ಲಿ ಸವೆಯುವುದು ಹಿತ್ತಾಳೆಯೇ.

ವೆಲ್ಡಿಂಗ್ ವಿಷಯ. ಕೆಂಪಾದ ಭಾಗದ ಮೇಲೆ ಹಾಕಿದ ವೆಲ್ಡ್ ಹಿಡಿಯುವುದಿಲ್ಲ. ಅರದಲ್ಲಿ ಉಜ್ಜಿ ನೋಡಿ: ತುಸು ಉಜ್ಜಿದ ಕೂಡಲೇ ಹಳದಿ ಬಂದರೆ ಉಳಿಸಿಕೊಳ್ಳಬಹುದು, ಎಷ್ಟು ಉಜ್ಜಿದರೂ ಕೆಂಪೇ ಬಂದರೆ ಗುಜರಿಗೆ ಹಾಕಿ. ಇನ್ನೊಂದು ಮಾತು, ಸತು 907 ಡಿಗ್ರಿಗೇ ಕುದಿಯುತ್ತದೆ, ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆ ಅದರದ್ದೇ. ಅದನ್ನು ಕುಡಿದ ವೆಲ್ಡರ್‌ಗೆ ರಾತ್ರಿ ಚಳಿಜ್ವರ ಬರುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ದಯವಿಟ್ಟು ಈ ಕೆಲಸ ಮಾಡಿಸಬೇಡಿ.

ಹೊಸದು ಕೊಳ್ಳುವುದಾದರೆ, ಕೈಯಲ್ಲಿ ದುಡ್ಡಿದ್ದರೆ, ನಿಕ್ಕಲ್ ಅಲ್ಯೂಮಿನಿಯಂ ಬ್ರಾಂಜ್ ಕೇಳಿ. ತಾಮ್ರ ಸುಮಾರು ಶೇ. 80, ಅಲ್ಯೂಮಿನಿಯಂ ಒಂಬತ್ತು-ಹತ್ತು, ಉಳಿದದ್ದು ನಿಕ್ಕಲ್ ಮತ್ತು ಕಬ್ಬಿಣ. ಅದರಲ್ಲಿರುವ ಅಲ್ಯೂಮಿನಿಯಂ ಲೋಹದ ಮೈಮೇಲೆ ತೆಳ್ಳಗೆ ಪೊರೆ ಕಟ್ಟಿ ಅದನ್ನು ಕಾಯುತ್ತದೆ. ದೊಡ್ಡ ಹಡಗುಗಳ ಫ್ಯಾನ್ ಹೆಚ್ಚಾಗಿ ಇದರದ್ದೇ. ನೀರೊಳಗಿನ ವಾಲ್ವಿಗೆ ಗನ್‌ಮೆಟಲ್ ಸಾಕು, ಅದರಲ್ಲಿ 88 ಪಾಲು ತಾಮ್ರ, 10 ತವರ, 2 ಸತು. ಮನೆಯ ನಲ್ಲಿಗೆ ಹಾಕುವ ಹಿತ್ತಾಳೆ ವಾಲ್ವನ್ನು ಬೋಟಿನ ತಳಕ್ಕೆ ಹಾಕುವವರಿದ್ದಾರೆ. ಅದು ತುಂಡಾದರೆ ನೀರು ಸೀದಾ ಒಳಗೆ ಬರುತ್ತದೆ, ನಿಮ್ಮ ಖಲಾಸಿಗಳ ಜೀವ ಅದರ ಮೇಲಿದೆ ಅಲ್ವಾ.

ಪ್ರಶ್ನೆ: ಶಿರಸಿ ಹತ್ತಿರ ನಮ್ಮ ಅಡಿಕೆ ತೋಟ. ಕೊಳೆ ಔಷಧಿ ಹೊಡೆಯುವ ಪಂಪಿನ ಹಿತ್ತಾಳೆ ಪೈಪು ಉದ್ದಕ್ಕೆ ಸೀಳು ಬಿಟ್ಟಿದೆ. ಯಾರೂ ಬೀಳಿಸಿಲ್ಲ, ಬಡಿದಿಲ್ಲ. ಮೈಲುತುತ್ತ ತಿಂದಿತಾ?

ಉತ್ತರ: ಮೈಲುತುತ್ತದ ಮೇಲೆ ನನಗೆ ಅನುಮಾನ ಕಡಿಮೆ. ಸುಣ್ಣ ಸರಿಯಾಗಿ ಬಿದ್ದ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಕೊಳೆ ಔಷಧಿ) ಹಿತ್ತಾಳೆಗೆ ಹೀಗೆ ಮಾಡುವುದಿಲ್ಲ. ಸುಣ್ಣ ಸಾಕಾಗಿದೆಯೋ ಇಲ್ಲವೋ ಅಂತ ಫಳಫಳ ಮಸೆದ ಕತ್ತಿ ಅದ್ದಿ ನೋಡುವುದು ನಿಮಗೆ ಗೊತ್ತೇ ಇದೆ, ಕತ್ತಿಗೆ ಕೆಂಪು ಹತ್ತಿದರೆ ಸುಣ್ಣ ಕಡಿಮೆ.

ಪಂಪನ್ನು ಎಲ್ಲಿ ಇಡುತ್ತೀರಿ? ಕೊಟ್ಟಿಗೆಯಲ್ಲಾದರೆ ಉತ್ತರ ಅಲ್ಲೇ ಇದೆ. ಗಂಜಲದಿಂದ ಅಮೋನಿಯಾ ಬರುತ್ತದೆ. ತಣ್ಣಗೇ ಎಳೆದು ಮಾಡಿದ ಹಿತ್ತಾಳೆ ಪೈಪಿನೊಳಗೆ ಬಿಗಿತ ಉಳಿದಿರುತ್ತದೆ. ಬಿಗಿತ, ತೇವ, ಅಮೋನಿಯಾ ಮೂರೂ ಸೇರಿದರೆ ಪೈಪು ತಾನಾಗಿ ಸೀಳುತ್ತದೆ. ಬ್ರಿಟಿಷರ ಕಾಲದಲ್ಲಿ ಕುದುರೆ ಲಾಯದಲ್ಲಿ ಇಟ್ಟಿದ್ದ ತೋಟಾಗಳ ಹಿತ್ತಾಳೆ ಕವಚ ಭಾರತದ ಮಳೆಗಾಲದಲ್ಲಿ ಹೀಗೇ ಬಿರುಕು ಬಿಡುತ್ತಿತ್ತು. ಕಾರಣ ಅಮೋನಿಯಾ ಅಂತ 1921ರಲ್ಲಿ ಗೊತ್ತಾಯಿತು. ಕಾರ್ಖಾನೆಯಲ್ಲಿ ಪೈಪನ್ನು ಹದವಾಗಿ ಕಾಯಿಸಿ ಈ ಬಿಗಿತ ಇಳಿಸಬಹುದು. ನೀವು ಮಾಡಬೇಕಾದ್ದು ಸುಲಭ: ತೊಳೆದು, ಒರೆಸಿ, ಕೊಟ್ಟಿಗೆಯಿಂದಲೂ ಗೊಬ್ಬರದ ಚೀಲದಿಂದಲೂ ದೂರ ಇಡಿ. ಸೀಳಿದ ಪೈಪಿಗೆ ಬೆಸುಗೆ ಹಾಕಿಸಬೇಡಿ, ಪಕ್ಕದಲ್ಲೇ ಇನ್ನೊಂದು ಸೀಳು ಬರುತ್ತದೆ.

ಪ್ರಶ್ನೆ: ಅಜ್ಜಿಯ ಕಾಲದ ಹಿತ್ತಾಳೆ ಪಾತ್ರೆಯಲ್ಲಿ ಮುರುಗಲು ಸಾರು ಕುದಿಸಬಹುದಾ? (ಕುಮಟಾದಿಂದ)

ಉತ್ತರ: ಕಲಾಯಿ ಪೂರ್ತಿ ಇದ್ದರೆ ಆಗಬಹುದು, ಒಳಗೆ ಎಲ್ಲಾದರೂ ಹಳದಿ ಕಂಡರೆ ಬೇಡ. ಹುಳಿಗೆ ತಾಮ್ರ ಬಿಡುತ್ತದೆ, ವಾಂತಿ ಬರುತ್ತದೆ. ಕಲಾಯಿ ಅಂದರೆ ತವರ, 232 ಡಿಗ್ರಿಗೇ ಕರಗುತ್ತದೆ, ಹಾಗಾಗಿ ಖಾಲಿ ಪಾತ್ರೆಯನ್ನು ಒಲೆ ಮೇಲೆ ಬಿಡಬೇಡಿ. ಸಾರು ಕುದಿದ ಮೇಲೆ ಬೇರೆ ಪಾತ್ರೆಗೆ ಬಗ್ಗಿಸಿ, ರಾತ್ರಿಯಿಡೀ ಅದರಲ್ಲೇ ಇಡುವುದು ಬೇಡ.